ತಿಕೋಟಾದ ಹತ್ತೊಂಬತ್ತು ಗಣಿತ ಪತ್ರಿಕೆಗಳು

ಶಾಲಾ ತಪಾಸಣೆಯ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದಿದ್ದರು. ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು, ಬರೆದು ಕೊಡಿ ಎಂದರು. ಬಡ್ತಿಯ ಆದೇಶಗಳನ್ನು ತೋರಿಸಲೇ ಎಂದು ಕೇಳಿದೆ. ಬೇಡ ಎಂದರು. ಬುದ್ಧಿವಂತೆಯರು. ನಮ್ಮ ಮೇಲಿನವರಿಗೆ ವಯಸ್ಸಾಯಿತು ಎಂಬುದನ್ನು ಸರಕಾರ ನಮಗೆ ತಿಳಿಸುವ ರೀತಿಗೆ ಬಡ್ತಿ ಎನ್ನುತ್ತಾರೆ, ಅಷ್ಟೇ. ಅದರಿಂದ ಕಲಿಯುವುದು ಏನೂ ಇಲ್ಲ. ತಪ್ಪುಗಳಿಂದ ಕಲಿಯಬಹುದು. ನನ್ನವು ಸಾಕಷ್ಟಿವೆ, ಆಯ್ದು ಬರೆಯುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಇಂದಿನ ವಿಜಯಪುರ ಆಗ ನಮಗೆ ವಿಜಾಪುರ. ಧಾರವಾಡದಲ್ಲಿ ಭೂಗೋಳ ಓದಿ, ಇಪ್ಪತ್ನಾಲ್ಕನೆಯ ವಯಸ್ಸಿಗೆ ಹೆಣ್ಣುಮಕ್ಕಳ ಶಾಲೆಗಳ ತಪಾಸಣೆಗೆ ನೇಮಕವಾದೆ. ನನ್ನ ಹತ್ತಿರ ಒಂದು ಕೆಂಪು ಶಾಯಿಯ ಪೆನ್ನಿತ್ತು. ಕಂಡ ತಪ್ಪನ್ನು ಕಂಡಲ್ಲೇ ಬರೆದು, ಸಹಿ ಹಾಕಿ, ವೇಳೆ ನಮೂದಿಸುವುದು ನನ್ನ ಕೆಲಸ. ಇದಕ್ಕೆ ಷರಾ ಬರೆಯುವುದು ಎನ್ನುತ್ತಿದ್ದರು. ಷರಾ ಬರೆದರೆ ದೇಶ ಸರಿಹೋಗುತ್ತದೆ ಎಂದು ನಾನು ನಂಬಿದ್ದೆ.

ಮೊದಲ ವರ್ಷವೇ ಮಮದಾಪುರದ ಆಚೆಗೆ ಎರಡು ಹಳ್ಳಿಗಳಿಗೆ ಹೋದೆ. ಹಳ್ಳಿಗಳ ಹೆಸರು ಬೇಡ. ಮೊದಲನೆಯದರಲ್ಲಿ ಹಾಜರಿ ಪುಸ್ತಕದಲ್ಲಿದ್ದ ಹುಡುಗಿಯರೆಲ್ಲ ಹಾಜರಿದ್ದರು. ಅಲ್ಲಿಯ ಮಾಸ್ತರರು ಚಹಾ, ಮಂಡಕ್ಕಿ ಎಂದು ಒಂದು ತಾಸು ಕೂಡಿಸಿಕೊಂಡರು. ಎರಡನೆಯ ಹಳ್ಳಿಗೆ ಬಂದಾಗ ಅಲ್ಲಿಯೂ ಎಲ್ಲರೂ ಹಾಜರು. ಮುಂದಿನ ಸಾಲಿನಲ್ಲಿ ಎಡಗಿವಿಗೆ ಮಾತ್ರ ಬೆಂಡೋಲೆ ಇದ್ದ ಒಬ್ಬಳು ಕುಳಿತಿದ್ದಳು. ಬೆಳಿಗ್ಗೆ ಅವಳು ನೀಲವ್ವ, ಮಧ್ಯಾಹ್ನ ಕಸ್ತೂರಿ. ನಾನು ಚಹಾ ಕುಡಿಯುವಾಗ ಒಂದು ಬಂಡಿ ತುಂಬ ಹುಡುಗಿಯರು ಅಡ್ಡದಾರಿಯಲ್ಲಿ ನನಗಿಂತ ಮುಂದೆ ಬಂದು ಕುಳಿತಿದ್ದರು. ಒಂದೂವರೆ ಪುಟ ಷರಾ ಬರೆದೆ.

ನಮ್ಮ ಸಾಹೇಬರು ಅದನ್ನು ಎರಡು ಸಲ ಓದಿದರು. ಅವರ ಹೆಸರನ್ನೂ ಹೇಳುವುದಿಲ್ಲ, ಅವರಿಗೆ ಮೊಮ್ಮಕ್ಕಳಿದ್ದಾರೆ.

‘ಅಲ್ರಿ ಬಾಯಿ, ಆ ಹುಡುಗಿ ಸಾಲಿಗೆ ಬಂದಿದ್ದಳೋ ಇಲ್ಲೋ?’

‘ಎರಡೂ ಕಡೆ ಬಂದಿದ್ದಳ್ರಿ.’

‘ಮತ್ತೇನ್ರಿ! ಒಂದ ಕಡೆ ಬರೋರೇ ಸಿಗೂದಿಲ್ಲ. ಈಕಿ ಎರಡು ಕಡೆ ಬರ್ತಾಳಂದ್ರ ಶಾಭಾಸ್ ಅನ್ರಿ.’

ಕಾಗದ ಕಪಾಟಿಗೆ ಹೋಯಿತು. ಸಾಹೇಬರ ಒಂದು ಪದ್ಧತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಕೆಳಗಿನವರು ಸಹಿ ಮಾಡದ ಯಾವ ಕಾಗದಕ್ಕೂ ಅವರು ಸಹಿ ಮಾಡುತ್ತಿರಲಿಲ್ಲ, ಕೆಳಗಿನವರು ಸಹಿ ಮಾಡಿದ್ದರೆ ಅವರ ಸಹಿ ಬೇಕಾಗುತ್ತಿರಲಿಲ್ಲ. ಹೀಗೆ ಅವರು ಇಪ್ಪತ್ತೆಂಟು ವರ್ಷ ಯಾವ ತಪ್ಪನ್ನೂ ಮಾಡದೆ ನೌಕರಿ ಮಾಡಿದರು.

ಕಚೇರಿಗೆ ಒಂದು ಜೀಪಿತ್ತು. ಆ ವರ್ಷ ಮಾಘದಲ್ಲಿ ಮಂತ್ರಿಗಳೊಬ್ಬರು ಬಂದರು. ಜೀಪಿನಲ್ಲಿ ನಿಂತು ಜನರಿಗೆ ಕೈಮುಗಿಯಲು ಅನುಕೂಲವಾಗಲಿ ಎಂದು ಸಾಹೇಬರು ಅದರ ಕ್ಯಾನ್ವಾಸ್ ಟಾಪನ್ನು ಬಿಚ್ಚಿಸಿದರು. ಮಂತ್ರಿಗಳು ಹೋದರು, ಟಾಪು ತಿರುಗಿ ಬರಲಿಲ್ಲ. ಇಬ್ರಾಹಿಂಪುರದಲ್ಲಿ ಸಾಹೇಬರ ಮನೆಯ ಮಾಳಿಗೆಯ ಮೇಲೆ ಅದನ್ನು ಹಾಸಿ ಅವರ ಮನೆಯವರು ಕುರಡಿಗಿ ಸಂಡಿಗೆ ಒಣಗಿಸುತ್ತಿದ್ದರು. ಸರಕಾರಿ ಕ್ಯಾನ್ವಾಸಿಗೆ ಹಿಟ್ಟು ಅಂಟುವುದಿಲ್ಲವಂತೆ. ಟಾಪಿನ ವಿಷಯ ಒಮ್ಮೆ ಕೇಳಿದೆ.

‘ಬ್ಯಾಸಗ್ಯಾಗ ಟಾಪು ಯಾಕ ಬೇಕ್ರಿ ಬಾಯಿ? ಗಾಳಿ ಚಲೋ ಬರ್ತದ.’

ಮುಲ್ಕಿ ಪರೀಕ್ಷೆ ಎಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಏಳನೆಯ ಇಯತ್ತೆಯ ಸರಕಾರಿ ಪರೀಕ್ಷೆ ಅದು. ಪಾಸಾದರೆ ಶಿಕ್ಷಕರ ತರಬೇತಿಗೆ ಹೋಗಬಹುದು, ತರಬೇತಿ ಮುಗಿದರೆ ನೌಕರಿ. ನಮ್ಮ ಕಡೆಯ ಹೆಂಗಸೊಬ್ಬಳು ತನ್ನ ಅನ್ನ ತಾನು ದುಡಿಯಲು ಇದ್ದ ಬಾಗಿಲು ಅದೊಂದೇ. ಕೊನೆಯ ದಿನ ಗಣಿತ. ಬಬಲೇಶ್ವರ, ತಿಕೋಟಾ ಎರಡು ಕೇಂದ್ರಗಳಿಂದ ಉತ್ತರಪತ್ರಿಕೆಗಳನ್ನು ಅದೇ ದಿನ ವಿಜಾಪುರಕ್ಕೆ ತರಬೇಕೆಂಬುದು ನಿಯಮ. ಗಣಿತ ಪತ್ರಿಕೆಗಳನ್ನು ನೋಡಿ ಅಂಕ ಹಾಕುವವಳೂ ನಾನೇ.

ಆ ದಿನ ಡ್ರೈವರಿಗೆ ಜ್ವರ. ‘ನಾಳೆ ತಂದರಾತು’ ಎಂದರು ಸಾಹೇಬರು. ನಿಯಮ ತೋರಿಸಿ, ಜೀಪನ್ನು ನಾನೇ ನಡೆಸಿಕೊಂಡು ಹೊರಟೆ. ಎಲ್ಲಿ ಕಲಿತೆ, ಯಾರು ಕಲಿಸಿದರು ಎಂಬುದು ಇಲ್ಲಿ ಅಗತ್ಯವಿಲ್ಲ. ಹೆಂಗಸರು ಸರಕಾರಿ ಜೀಪು ನಡೆಸಬಾರದೆಂಬ ನಿಯಮವಿರಲಿಲ್ಲ, ಅಂಥದೊಂದು ನಿಯಮ ಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ. ಹಿಂದೆ ಪೆಟ್ಟಿಗೆಯ ಮೇಲೆ ಜವಾನ ಮಲ್ಲಪ್ಪ ಕುಳಿತಿದ್ದ. ಬಬಲೇಶ್ವರದಲ್ಲಿ ಅವನ ಬೀಗರ ಮನೆ. ಊರು ಹತ್ತಿರ ಬಂದೊಡನೆ ಟಾವೆಲಿನಿಂದ ಮುಖ ಮುಚ್ಚಿಕೊಂಡ.

‘ಲೇ, ಬಾಯಿ ಮೋಟಾರ ಹೊಡ್ಯಾಕತ್ತಾಳ ನೋಡಲೇ!’ ಎಂದು ಬಸ್ ನಿಲ್ದಾಣದ ಕಡೆಯಿಂದ ಒಬ್ಬ ಕೂಗಿದ. ‘ಹಿಂದ ಯಾರೋ ಮುತ್ತೈದಿ ಮುಸುಕ ಹಾಕ್ಕೊಂಡ ಕುಂತಾಳ’ ಎಂದ ಇನ್ನೊಬ್ಬ. ಮಲ್ಲಪ್ಪ ತಿಕೋಟಾದವರೆಗೆ ಟಾವೆಲು ತೆಗೆಯಲಿಲ್ಲ.

ಬಬಲೇಶ್ವರದ ಪತ್ರಿಕೆಗಳಿಂದ ತಗಡಿನ ಪೆಟ್ಟಿಗೆ ತುಂಬಿಹೋಗಿತ್ತು. ತಿಕೋಟಾದವನ್ನು ಕೆಂಪು ದಫ್ತರದ ಬಟ್ಟೆಯಲ್ಲಿ ಕಟ್ಟಬೇಕಾಯಿತು. ಹತ್ತೊಂಬತ್ತು ಪತ್ರಿಕೆಗಳು. ಹದಿನೆಂಟು ನೀಲಿ ಅಕ್ಷರದವು, ಒಂದು ಬೂದು ಬಣ್ಣದ್ದು.

‘ಇದು ಪೆನ್ಸಿಲ್ಲು’ ಎಂದೆ.

ತಿಕೋಟಾ ಕೇಂದ್ರ ನೋಡಿಕೊಳ್ಳುತ್ತಿದ್ದವರು ಗಂಗಾಬಾಯಿ ಎಂಬ ಮುಖ್ಯಾಧ್ಯಾಪಕಿ. ಐವತ್ತು ದಾಟಿದವರು, ಊರೆಲ್ಲ ಅವರಿಗೆ ಅಕ್ಕೋರು ಎನ್ನುತ್ತಿತ್ತು.

‘ಹೌದ್ರಿ ಬಾಯಾರ. ತಂಗೆವ್ವಂದು. ಮೇಲ್ವಿಚಾರಣಿ ಮಾಸ್ತರ ತಿರಗಾಡೂ ಮುಂದ ಅವರ ಧೋತರದ ಚುಂಗ ಬಡದು ಅಕಿ ಶಾಯಿ ದೌತಿ ಉಳ್ಳಿ ಬಿತ್ತು. ಶಾಯಿ ಪುಡಿ ಅಂತೂ ನಿನ್ನೇನ ತೀರಿತ್ತು. ಅಳಾಕ ನಿಂತಿದ್ಲು. ನಾನ ಪೆನ್ಸಿಲ್ ಕೊಟ್ಟೆ. ತಪ್ಪು ನಂದ್ರಿ.’

‘ಪೆನ್ಸಿಲ್ಲಿಲೆ ಬರೆದದ್ದು ನಡಿಯೂದಿಲ್ಲ ಅಂತ ನಿಮಗ ಗೊತ್ತದಲ್ರಿ?’

‘ಗೊತ್ತೈತ್ರಿ. ಅಕಿಗೆ ಇಪ್ಪತ್ತೆರಡು ವರ್ಷ. ಗಂಡ ಇನ್ನೊಬ್ಬಾಕೀನ್ನ ಮಾಡ್ಕೊಂಡಾನ. ಅಣ್ಣ ಈ ಒಂದ ವರ್ಷ ಅಂತ ಇಟಗೊಂಡಾನ್ರಿ. ಪಾಸಾದ್ರ ಟ್ರೇನಿಂಗಿಗೆ ಹೊಕ್ಕಾಳ. ಇಲ್ಲಂದ್ರ ಅದೇ ಮನಿಗೆ ತಿರುಗಿ ಕಳಸ್ತಾನ, ಸವತಿ ಕೈಯಾಗ ದುಡ್ಯಾಕ.’

ತಂಗೆವ್ವ ಬಾಗಿಲಲ್ಲೇ ನಿಂತಿದ್ದಳು. ಕೈಬೆರಳಿನ ತುದಿಗಳು ಪೆನ್ಸಿಲ್ಲಿನ ಮಸಿಯಿಂದ ಬೂದಾಗಿದ್ದವು. ಅಳುತ್ತಿರಲಿಲ್ಲ.

‘ನನ್ನ ಲೆಕ್ಕ ಎಲ್ಲಾ ಬರೋಬ್ಬರಿ ಅದಾವ್ರಿ, ಬಾಯಾರ.’

‘ಲೆಕ್ಕ ಬರೋಬ್ಬರಿ ಇರಬಹುದು. ಬರೆದದ್ದು ಬರೋಬ್ಬರಿ ಇಲ್ಲ.’

ಈ ಮಾತಿನ ಬಗ್ಗೆ ನನಗೆ ಸುಮಾರು ಒಂದು ತಾಸು ಹೆಮ್ಮೆ ಇತ್ತು. ಪೆನ್ನು ತೆಗೆದು ಅವಳ ಪತ್ರಿಕೆಯ ನೆತ್ತಿಯ ಮೇಲೆ ಕೆಂಪಾಗಿ ಬರೆದೆ: ಪೆನ್ಸಿಲ್ಲಿನಲ್ಲಿ ಬರೆದಿದೆ, ಅಮಾನ್ಯ. ಸಹಿ, ವೇಳೆ. ಅಕ್ಷರ ಬಹಳ ಚೆಂದ ಬಂದಿತ್ತು.

ಗಂಗಾಬಾಯಿ ಅಂಗಳಕ್ಕೆ ಬಂದು ಆಕಾಶ ನೋಡಿದರು. ‘ಅಥಣಿ ಕಡೆ ನೋಡ್ರಿ, ಮುಗಿಲು ಕರ್ರಗಾಗೇತಿ. ಅಡ್ಡಮಳಿ ಬರ್ತೈತಿ. ನಿಮ್ಮ ಮೋಟಾರಕ್ಕ ಮ್ಯಾಲೇನೂ ಇಲ್ಲ. ಒಂದು ತಾಸು ಕುಂದರ್ರಿ, ಎರಡು ರೊಟ್ಟಿ ಉಂಡು ಹೋಗ್ರಿ.’

ನನ್ನನ್ನು ಕೂಡಿಸಿಕೊಂಡು, ಉಣ್ಣಿಸಿ, ಮನಸ್ಸು ಕರಗಿಸುವ ಉಪಾಯ ಎಂದುಕೊಂಡೆ. ಚಹಾ ಮಂಡಕ್ಕಿಯ ಪಾಠ ನನಗೆ ಆಗಿತ್ತಲ್ಲ. ಅಲ್ಲದೆ ನಾನು ಭೂಗೋಳ ಓದಿದವಳು.

‘ಗಾಳಿ ಮೂಡಲಿಂದ ಬೀಸಾಕತ್ತದ. ಪಡುವಲ ಮೋಡ ಇತ್ತ ಹೆಂಗ ಬರ್ತದ್ರಿ?’

‘ಗಾಳಿ ಮೂಡಲಿಂದ ಐತಿ, ಖರೆ. ಆದರ ಈ ಮಳಿ ಗಾಳೀನ್ನ ಕೇಳಿ ಬರೂದಿಲ್ರಿ, ಬಾಯಾರ.’

ನಾನು ಜೀಪು ಚಾಲೂ ಮಾಡಿದೆ. ಅಂಥ ಮೋಡ ತನ್ನೆದುರಿನ ಗಾಳಿಯನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ, ಗಾಳಿ ಅದರ ಕಡೆಗೆ ಬೀಸಿದಷ್ಟೂ ಮಳೆ ಹತ್ತಿರವಾಗುತ್ತಿರುತ್ತದೆ. ಇದು ನನ್ನ ಪುಸ್ತಕದಲ್ಲೂ ಇತ್ತು. ಆ ಪುಟ ಪರೀಕ್ಷೆಗೆ ಬಂದಿರಲಿಲ್ಲ.

ತಿಕೋಟಾ ಬಿಟ್ಟರೆ ತೊರವಿಯವರೆಗೆ ಬಯಲು. ಅರ್ಧ ದಾರಿಯಲ್ಲಿ ಗಾಳಿ ಒಮ್ಮೆಲೇ ನಿಂತಿತು. ಆಮೇಲೆ ಬೆನ್ನ ಹಿಂದಿನಿಂದ ಧೂಳಿನ ಗೋಡೆ ಬಂತು, ಅದರ ಹಿಂದೆ ಮಳೆ. ಮೊದಲ ಹನಿಗಳು ಬಾನೆಟ್ಟಿನ ಮೇಲೆ ಬಿದ್ದು ಚುರ್ರೆಂದು ಆವಿಯಾದವು. ಎರಡು ನಿಮಿಷದಲ್ಲಿ ದಾರಿ ಕಾಣದಾಯಿತು. ಮುಂದಿನ ಗಾಜಿನ ಹೊರಮೈ ಒರೆಸಲು ಒಂದು ಕಡ್ಡಿ ಇತ್ತು. ಆದರೆ ನೀರು ಒಳಮೈಯಲ್ಲೇ ಹೆಚ್ಚಾಗಿ ಸುರಿಯುತ್ತಿತ್ತು. ಕಾಲ ಕೆಳಗೆ ಪಾದ ಮುಳುಗುವಷ್ಟು ನೀರು ನಿಂತು, ಬ್ರೇಕು ಒತ್ತಿದಾಗೊಮ್ಮೆ ತುಳುಕುತ್ತಿತ್ತು. ಮಲ್ಲಪ್ಪ ಕೊಡೆ ಬಿಚ್ಚಿದ. ಗಾಳಿ ಅದರ ಬಟ್ಟೆಯನ್ನು ಮಾತ್ರ ತೆಗೆದುಕೊಂಡು ಕಡ್ಡಿಗಳನ್ನು ಅವನಿಗೇ ಬಿಟ್ಟಿತು.

‘ಬಾಯಾರ!’

‘ಏನಪಾ?’

‘ಹೊರಗಿನಕಿಂತ ಒಳಗ ಮಳಿ ಜಾಸ್ತಿ ಆಗಾಕತ್ತೈತಿ. ಕೆಳಗ ಇಳದು ನಿಲ್ಲೂಣೇನ್ರಿ?’

ಕೆಂಪು ದಫ್ತರವನ್ನು ಮಡಿಲಿಗೆ ತೆಗೆದುಕೊಂಡು, ಸೆರಗು ಮುಚ್ಚಿ, ಅದರ ಮೇಲೆ ಬಾಗಿ ಗಾಡಿ ನಡೆಸಿದೆ. ಮುಚ್ಚಿದ್ದರಿಂದ ಆದ ಉಪಯೋಗ ಇಷ್ಟೇ: ನೀರು ಸೋರಿ ಹೋಗದೆ ಅಲ್ಲಿಯೇ ನಿಂತಿತು. ಆಮೇಲೆ ಆಣೆಕಲ್ಲು ಶುರುವಾಯಿತು. ತೊರವಿಯ ಅಂಚಿನಲ್ಲಿ ಮೊದಲು ಕಂಡ ಮನೆಯ ಮುಂದೆ ಜೀಪು ನಿಲ್ಲಿಸಿದೆ. ನಿಂತಿತು ಎಂದರೂ ತಪ್ಪಿಲ್ಲ.

ಕೂಲಿ ಮಾಡುವ ಸೋನವ್ವ ಎಂಬುವವಳ ಮನೆ ಅದು. ಕೆಲವು ವರ್ಷಗಳ ಹಿಂದೆ ಬೌದ್ಧರಾದ ಕುಟುಂಬ, ಗೋಡೆಗೆ ಬುದ್ಧನ ಚಿತ್ರವಿತ್ತು. ಅದನ್ನು ಕಂಡು ಮಲ್ಲಪ್ಪ ಹೊಸ್ತಿಲಲ್ಲೇ ನಿಂತ.

‘ನೀವ ಒಳಗ ಹೋಗ್ರಿ. ನಾ ಇಲ್ಲೇ ಕೊಡಿ ಹಿಡಕೊಂಡ ನಿಂದರ್ತೀನಿ’ ಎಂದು ಕಡ್ಡಿಗಳನ್ನು ತಲೆಯ ಮೇಲೆ ಹಿಡಿದ.

‘ನಿಂದರಪಾ’ ಎಂದಳು ಸೋನವ್ವ. ‘ಆಣಿಕಲ್ಲು ಜಾತಿ ಕೇಳಿ ಬೀಳೂದಿಲ್ಲ.’

ಮುಂದಿನ ಕಲ್ಲು ಅವನ ನೆತ್ತಿಗೇ ಬಿತ್ತು. ಒಳಗೆ ಬಂದ. ಚಹಾ ಕೂಡ ಕುಡಿದ. ಕಚೇರಿಯಲ್ಲಿ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡ. ಅವನು ತೀರಿಕೊಂಡು ಬಹಳ ವರ್ಷಗಳಾದವು, ಆದ್ದರಿಂದ ಬರೆದಿದ್ದೇನೆ.

ತಗಡಿನ ಪೆಟ್ಟಿಗೆಯೊಳಗಿನ ಬಬಲೇಶ್ವರದ ಪತ್ರಿಕೆಗಳಿಗೆ ಏನೂ ಆಗಿರಲಿಲ್ಲ. ದಫ್ತರ ಬಿಚ್ಚಿದೆ. ಸರಕಾರಿ ಕೆಂಪು ಬಟ್ಟೆ ತನ್ನ ಬಣ್ಣವನ್ನೆಲ್ಲ ಉದಾರವಾಗಿ ಹಂಚಿತ್ತು. ಶಾಯಿ ಕರಗಿ, ಕೆಂಪು ಕೂಡಿ, ಹದಿನೆಂಟು ಪತ್ರಿಕೆಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಒಂದು ಅಂಕಿಯೂ ಉಳಿದಿರಲಿಲ್ಲ. ಹತ್ತೊಂಬತ್ತನೆಯದರಲ್ಲಿ ಪ್ರತಿ ಲೆಕ್ಕವೂ ಸ್ಪಷ್ಟವಾಗಿತ್ತು, ಗೆರೆ ಎಳೆದು ಬರೆದ ಉತ್ತರಗಳ ಸಮೇತ. ನೆತ್ತಿಯ ಮೇಲೆ ನಾನು ಬರೆದ ಷರಾ ಇದ್ದಲ್ಲಿ ಗುಲಾಬಿ ಬಣ್ಣದ ಒಂದು ಕಲೆ ಇತ್ತು.

ಸೋನವ್ವ ಒಲೆ ಹೊತ್ತಿಸಿ, ಹಂಚು ಇಟ್ಟು, ಹಾಳೆಗಳನ್ನು ಒಂದೊಂದಾಗಿ ಅದರ ಮೇಲೆ ಹಾಕಿದಳು. ‘ರೊಟ್ಟಿ ಹಂಗ ತಿರುವ್ರಿ, ಬಾಯಾರ. ಬಿಟ್ಟರ ಹೊತ್ತತೈತಿ.’ ನಾನು ತಿರುವಿದೆ. ಬೂದು ಹಾಳೆಗಳು ಬಂದಾಗ ಅವಳು ತಡೆದಳು. ಅವಳಿಗೆ ಓದು ಬರುತ್ತಿರಲಿಲ್ಲ.

‘ಇದೊಂದ ಹೆಂಗ ಉಳೀತ್ರಿ?’

‘ಇಕಿ ಪೆನ್ಸಿಲ್ಲಿಲೆ ಬರದಾಳ.’

‘ಶ್ಯಾಣ್ಯಾಕಿ ಐದಾಳ.’

‘ಪೆನ್ಸಿಲ್ಲಿಲೆ ಬರದದ್ದಕ್ಕ ಇಕೀನ್ನ ನಪಾಸ ಮಾಡಿ ಬಂದೀನಿ.’

ಸೋನವ್ವ ಒಣಗಿದ ಹದಿನೆಂಟನ್ನು ನೋಡಿದಳು, ನನ್ನನ್ನು ನೋಡಿದಳು. ‘ಹಂಗಾರ ಇವರೆಲ್ಲಾ ಪಾಸೇನ್ರಿ?’

ಅದಕ್ಕೆ ಉತ್ತರ ಮರುದಿನ ಬೆಳಿಗ್ಗೆ ಸಾಹೇಬರಿಂದ ಸಿಕ್ಕಿತು. ನಾನು ಹೋದಾಗ ಅವರು ಬಹಳ ದುಃಖದಲ್ಲಿದ್ದರು.

‘ಏನ್ ಮಳೀರಿ ಬಾಯಿ! ನಮ್ಮನಿ ಕುರಡಿಗಿ ಎಲ್ಲಾ ಅಂಬಲಿ ಆಗ್ಯಾವ.’

‘ಜೀಪಿನ ಟಾಪಿನ ಮ್ಯಾಲೆ ಇದ್ದವೇನ್ರಿ?’

ಸಾಹೇಬರು ಕನ್ನಡಕ ಹಾಕಿಕೊಂಡು ಪತ್ರಿಕೆಗಳನ್ನು ನೋಡಿದರು. ಹತ್ತು ನಿಮಿಷ ಯೋಚಿಸಿದರು. ‘ಈ ಹದಿನೆಂಟು ಮಂದಿಗೆ ಮೂವತ್ತೈದು ಹಾಕಿಬಿಡ್ರಿ. ಪಾಸು. ಯಾರೂ ಕೇಳೂದಿಲ್ಲ.’

‘ಇವು ಓದಾಕ ಬರೂದಿಲ್ರಿ.’

‘ಓದಾಕ ಬರದಿದ್ರ ತಪ್ಪು ಅಂತನೂ ಹೇಳಾಕ ಬರೂದಿಲ್ಲ.’

‘ಮತ್ತ ಈ ಹತ್ತೊಂಬತ್ತನೇದು?’

‘ಪೆನ್ಸಿಲ್ಲಲ್ರಿ? ನಪಾಸು. ನಿಯಮ ಅಂದ್ರ ನಿಯಮ.’

ಒಂದು ಅಂಕಿಯೂ ಕಾಣದ ಹದಿನೆಂಟು ಪಾಸು, ಕಾಣುವ ಒಂದು ನಪಾಸು. ಹಿಂದಿನ ದಿನ ನಾನು ಮಾಡಿ ಬಂದದ್ದನ್ನೇ ಅವರು ಹೇಳುತ್ತಿದ್ದರು, ಅವರ ಬಾಯಲ್ಲಿ ಅದು ಕೇಳಲು ಅಸಹ್ಯವಾಗಿತ್ತು. ಹದಿನೆಂಟು ಮಂದಿಗೂ ಮರುಪರೀಕ್ಷೆ ಆಗಬೇಕು ಎಂದೆ.

‘ಅದಕ್ಕ ಕಾರಣ ಬರೀಬೇಕಾಗ್ತದ.’

‘ಬರದು ತಂದೀನ್ರಿ. ಮಳಿ ಬರ್ತದಂತ ಹೇಳಿದರೂ ನಾ ಕೇಳಲಿಲ್ಲ ಅನ್ನೂದು ಮೊದಲನೇದು. ಡ್ರೈವರ್ ಇಲ್ಲದ ಜೀಪು ಒಯ್ದದ್ದು ಎರಡನೇದು. ಜೀಪಿಗೆ ಟಾಪು ಇರಲಿಲ್ಲ, ಅದು ಎಲ್ಲಿತ್ತು ಅನ್ನೂದು ಮೂರನೇದು.’

‘ಮೂರನೇದು ಬ್ಯಾಡ್ರಿ’ ಎಂದರು ಸಾಹೇಬರು, ಬಹಳ ಮೃದುವಾಗಿ. ‘ಮರುಪರೀಕ್ಷೆ ಮಾಡ್ರಿ. ಮಳಿ ಅಂತ ಬರೀರಿ, ಸಾಕು.’

ಮೂರನೆಯದನ್ನು ಹೊಡೆದುಹಾಕಿದೆ. ಇದು ಒಳ್ಳೆಯ ಕೆಲಸವೇ ಎಂದು ಕೇಳಬೇಡಿ. ಅಲ್ಲ. ಮೊದಲ ಎರಡು ಕಾರಣಗಳನ್ನು ಅವರು ಮೇಲಕ್ಕೆ ಕಳಿಸಿದರು, ಅವುಗಳಿಗಾಗಿ ನನಗೆ ಲಿಖಿತ ಎಚ್ಚರಿಕೆ ಬಂತು. ಅದು ನ್ಯಾಯವೇ.

ಆದರೆ ತಂಗೆವ್ವನ ಪತ್ರಿಕೆ ಇನ್ನೂ ಮೇಜಿನ ಮೇಲಿತ್ತು. ಮರುಪರೀಕ್ಷೆ ಓದಲು ಬಾರದ ಪತ್ರಿಕೆಗಳಿಗೆ ಮಾತ್ರ. ಪೆನ್ಸಿಲ್ಲಿನ ಆಕ್ಷೇಪಣೆಯನ್ನು ಪತ್ರಿಕೆ ಒಯ್ಯುವ ಅಧಿಕಾರಿ ಕೇಂದ್ರದಲ್ಲೇ, ಪತ್ರಿಕೆಯ ಮೇಲೇ ಬರೆದಿರಬೇಕೆಂಬುದು ನಿಯಮ. ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದರು.

‘ಇಲ್ಲೆ ಏನೋ ಷರಾ ಬರದೀರಲ್ರಿ?’

‘ಬರದಿದ್ದೆ. ಈಗ ಓದಾಕ ಬರೂದಿಲ್ರಿ.’

‘ಅದನ್ನ ಇನ್ನೊಮ್ಮೆ ಬರದ್ರಾತು.’

‘ನಾ ಬರೀಬೇಕಾದದ್ದನ್ನ ತಿಕೋಟಾದಾಗ ಬರದೀನಿ. ಇಲ್ಲೆ ಕುಂತು ಬರದ್ರ ಸ್ಥಳ, ವೇಳೆ ಎರಡೂ ಸುಳ್ಳಾಗ್ತಾವ. ನಿಮಗ ಬೇಕಿದ್ರ ನೀವ ಬರದು ಸಹಿ ಮಾಡ್ರಿ.’

ಸಾಹೇಬರು ಪೆನ್ನಿನ ಟೋಪಿ ತೆಗೆದರು. ಅಲ್ಲಿಯವರೆಗಿನ ನೌಕರಿಯಲ್ಲಿ ಅವರು ಯಾವ ಕಾಗದಕ್ಕೂ ಮೊದಲು ಸಹಿ ಮಾಡಿದವರಲ್ಲ. ನಾನು ಗೋಡೆಯ ಮೇಲಿನ ನಕಾಶೆ ನೋಡುತ್ತ ನಿಂತೆ. ಹಿಂದಿನ ದಿನ ಅಷ್ಟು ಚೆಂದ ಬರೆದಿದ್ದ ಆ ಎರಡು ಸಾಲು ಬಾಯಿಪಾಠ ಬರುತ್ತಿದ್ದವು. ಹೇಳಲಿಲ್ಲ. ನನ್ನದು ಮಾತು ಕಡಿಮೆ ಎಂದು ಜನ ದೂರುತ್ತಿದ್ದರು, ಆ ದಿನ ಅದು ಉಪಯೋಗಕ್ಕೆ ಬಂತು. ಸಾಹೇಬರು ಟೋಪಿ ತಿರುಗಿ ಹಾಕಿದರು.

‘ಅಂಕ ಹಾಕೋರು ನೀವು. ನಿಮಗ ತಿಳಿದಂಗ ಮಾಡ್ರಿ.’

ಹದಿನೈದು ದಿನ ಕಳೆದು ತಿಕೋಟಾದಲ್ಲಿ ಮರುಪರೀಕ್ಷೆ. ಜೀಪಿಗೆ ಟಾಪು ಬಂದಿತ್ತು, ಹುಳಿಹಿಟ್ಟಿನ ವಾಸನೆಯೊಂದಿಗೆ. ಡ್ರೈವರೂ ಬಂದಿದ್ದ. ಗಂಗಾಬಾಯಿ ಹದಿನೆಂಟು ಮಣೆಗಳನ್ನು ಸಾಲಾಗಿ ಇಡಿಸಿದ್ದರು. ಆ ದಿನದ ಮಳೆಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ, ಬಿಸಿಲಿಗೆ ನನ್ನ ತಲೆ ನೋಯುತ್ತದೆಯೇ ಎಂದು ಮಾತ್ರ ಕೇಳಿದರು.

ಗಂಟೆ ಹೊಡೆಯುವ ಮೊದಲು ಬಾಗಿಲಲ್ಲಿ ತಂಗೆವ್ವ ನಿಂತಿದ್ದಳು. ಮುಲ್ಕಿ ಮತ್ತೊಮ್ಮೆ ನಡೆಯುತ್ತದೆ ಎಂಬ ಸುದ್ದಿ ಕೇಳಿ ತೋಟದ ಮನೆಯಿಂದ ನಡೆದು ಬಂದಿದ್ದಳು. ಒಂದು ಕೈಯಲ್ಲಿ ಬರೆಯುವ ಟಾಕು, ಇನ್ನೊಂದು ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ದೌತಿ. ಹಿಂದೆ ಸ್ವಲ್ಪ ದೂರದಲ್ಲಿ, ತಲೆಗೆ ಪಟಕಾ ಸುತ್ತಿದ ಅವಳ ಅಣ್ಣ.

ಅವಳು ಮಣೆಗಳನ್ನು ಎಣಿಸಿದಳು. ಮುಖ ಇಳಿಯಿತು.

‘ನಂದು ಮಣಿ ಇಲ್ಲೇನ್ರಿ?’

‘ನೀವು ಬರಿಯೂದು ಬ್ಯಾಡ, ತಂಗೆವ್ವ. ಮನೀಗೆ ಹೋಗ್ರಿ’ ಎಂದೆ.

‘ಶಾಯಿ ತಂದೀನ್ರಿ, ಬಾಯಾರ. ನೋಡ್ರಿ. ಈ ಸಲ ಶಾಯೀಲೇ ಬರೀತೀನಿ.’

‘ಬ್ಯಾಡಂದ್ನೆಲ್ಲ.’

ಅವಳು ಹೊಸ್ತಿಲಲ್ಲೇ ಕುಳಿತುಬಿಟ್ಟಳು. ಅಣ್ಣ ಎರಡು ಹೆಜ್ಜೆ ಮುಂದೆ ಬಂದ. ‘ಮುಗೀತಲ್ಲ ನಿನ್ನ ಸಾಲಿ? ಏಳಬೇ. ನಾಳೆ ಬಂಡಿ ಹೂಡಸ್ತೀನಿ, ನಿನ್ನ ಗಂಡನ ಮನೀಗೆ ಬಿಟ್ಟ ಬರ್ತೀನಿ.’

ಫಲಿತಾಂಶ ಪ್ರಕಟವಾಗುವ ಮುಂಚೆ ಯಾರ ಅಂಕವನ್ನೂ ಯಾರಿಗೂ ಹೇಳಬಾರದು. ಇದು ನಮ್ಮ ಕೆಲಸದ ಮೊದಲ ನಿಯಮ, ಮುರಿದರೆ ನೌಕರಿ ಹೋಗುತ್ತಿತ್ತು. ಹೊಸದಾಗಿ ಸೇರಿದವರು ಇದನ್ನು ಎಂದೂ ಮುರಿಯಬಾರದು. ಪ್ರಕಟವಾಗಲು ಇನ್ನೂ ಒಂದೂವರೆ ತಿಂಗಳಿತ್ತು. ಬಂಡಿ ನಾಳೆ ಹೂಡುವುದಿತ್ತು. ಗಂಗಾಬಾಯಿ ನನ್ನ ಮುಖವನ್ನೇ ನೋಡುತ್ತಿದ್ದರು.

‘ಎಪ್ಪತ್ತೊಂದು’ ಎಂದೆ.

ಅಣ್ಣನಿಗೆ ಅರ್ಥವಾಗಲಿಲ್ಲ. ಗಂಗಾಬಾಯಿ ಅವನಿಗೆ ಹೇಳಿದರು, ‘ಮೂವತ್ತೈದಕ್ಕ ಪಾಸು, ಯಪ್ಪಾ. ಬಂಡಿ ಹೂಡೂದಾದ್ರ ಟ್ರೇನಿಂಗಿಗೆ ಒಯ್ಯಾಕ ಹೂಡು.’ ಅವನು ಪಟಕಾ ತೆಗೆದು ಮತ್ತೆ ಸುತ್ತಿಕೊಂಡ.

ತಂಗೆವ್ವ ಹೊಸ್ತಿಲಿನಿಂದ ಏಳಲಿಲ್ಲ. ಕೈ ಮುಗಿಯುತ್ತಾಳೆ, ಅಳುತ್ತಾಳೆ, ಆಗ ಏನು ಮಾಡಬೇಕು ಎಂದು ನಾನು ಮುಜುಗರದಿಂದ ನಿಂತಿದ್ದೆ. ಅವಳು ದೌತಿಯನ್ನು ಪಕ್ಕಕ್ಕಿಟ್ಟು ಬೆರಳು ಮಡಿಸಿ ಏನೋ ಎಣಿಸಿದಳು. ಆಮೇಲೆ ತಲೆ ಎತ್ತಿದಳು.

‘ಉಳದ ಇಪ್ಪತ್ತೊಂಬತ್ತು ಎಲ್ಲಿ ಹೋದುವ್ರಿ, ಬಾಯಾರ?’

ಅದನ್ನು ವಿವರಿಸಲು ನನಗೆ ಕಾಲು ಗಂಟೆ ಹಿಡಿಯಿತು. ಎರಡು ಲೆಕ್ಕಗಳ ವಿಷಯದಲ್ಲಿ ಅವಳು ಕೊನೆಯವರೆಗೂ ಒಪ್ಪಲಿಲ್ಲ.